ಕಾವೇರಿಯ ದಂಡೆಯಲ್ಲೊಂದು ದಂಡಿನ ಸ್ಮಶಾನ

ಮೈಸೂರಿಗೆ ಹೋದ ಕಾಸರಗೋಡಿನವರು ಶ್ರೀರಂಗಪಟ್ಟಣವನ್ನು ನೋಡದೆ ಮರಳುವುದು ಕಡಿಮೆ. ಶಾಲೆಯ ಪ್ರವಾಸವೆಂದೋ, ನೆಂಟರ ಮನೆಯ ಮದುವೆಯೆಂದೋ, ದಸರೆಯೆಂದೋ ಒಮ್ಮೆಯಾದರೂ ಆ ದ್ವೀಪದ ಊರಿಗೆ ಕಾಲಿಟ್ಟವರೇ ನಮ್ಮಲ್ಲಿ ಹೆಚ್ಚು. ರಂಗನಾಥನ ದರ್ಶನ, ದರಿಯಾ ದೌಲತ್ ಅರಮನೆ, ಗುಂಬಜ್, ಸಂಗಮದ ಸ್ನಾನ, ಇಷ್ಟಾಗುವಾಗ ಬಸ್ಸಿನವನ ಹಾರ್ನ್ ಕೇಳುತ್ತದೆ. ನೋಡುವುದೆಲ್ಲ ಮುಗಿಯಿತೆಂದುಕೊಂಡು ಎಲ್ಲರೂ ಬಸ್ಸು ಹತ್ತುತ್ತಾರೆ.

ಅದೇ ಊರಿನಲ್ಲಿ, ಮೈಸೂರು-ಬೆಂಗಳೂರು ಹಳೆಯ ಹೆದ್ದಾರಿಯಿಂದ ಸುಮಾರು 300 ಮೀಟರ್ ಒಳಗೆ, ಕಾವೇರಿಯ ದಂಡೆಯಲ್ಲಿ ಹಳೆಯ ಸ್ಮಶಾನವೊಂದಿದೆ. ಇಂಗ್ಲಿಷಿನವರು ಇದನ್ನು ಗ್ಯಾರಿಸನ್ ಸೆಮೆಟರಿ ಎಂದು ಕರೆದರು. ದಂಡಿನ ಸ್ಮಶಾನವೆಂದರೆ ನಮಗೆ ಅರ್ಥವಾದೀತು. ಸುಮಾರು 300 ಗೋರಿಗಳಿರುವ ಈ ಸ್ಥಳಕ್ಕೆ ಪ್ರವಾಸಿ ಬಸ್ಸುಗಳು ನಿಲ್ಲುವುದು ತೀರಾ ಅಪರೂಪ. ಆದರೆ 1799ರ ಯುದ್ಧದ ಕಥೆಯನ್ನು ಕಲ್ಲಿನಲ್ಲಿ ಓದಬಯಸುವವರಿಗೆ, ಅದರಲ್ಲೂ ಆ ಯುದ್ಧದಿಂದಲೇ ಹಣೆಬರಹ ಬದಲಾದ ನಮ್ಮ ಸೀಮೆಯವರಿಗೆ, ಇಲ್ಲಿ ನಿಂತು ಯೋಚಿಸುವ ಸಂಗತಿಗಳು ಹಲವು ಇವೆ.

ಇದನ್ನು ನೋಡಲು ಒಳ್ಳೆಯ ಹೊತ್ತು ಬೆಳಗಿನ ಜಾವ. ಒಳ್ಳೆಯ ವಾಹನ ಮೋಟಾರ್ ಸೈಕಲ್. ಬಿಸಿಲೇರಿದ ಮೇಲೆ ಊರಿನಲ್ಲಿ ವಾಹನಗಳ ಗದ್ದಲ. ಸೂರ್ಯ ಹುಟ್ಟುವ ಹೊತ್ತಿಗೆ ತಲುಪಿದರೆ ನದಿಯ ಸದ್ದೂ ಹಕ್ಕಿಗಳ ಸದ್ದೂ ಮಾತ್ರ. ಸವೆದುಹೋದ ಅಕ್ಷರಗಳನ್ನು ಓದಲು ಓರೆಯಾಗಿ ಬೀಳುವ ಎಳೆ ಬಿಸಿಲೇ ಅನುಕೂಲ.

ಮೈಸೂರಿನ ಗಾಡಿ

ಕಳೆದ ಚಳಿಗಾಲದಲ್ಲಿ ಮೈಸೂರಿಗೆ ಹೋಗಿದ್ದಾಗ ಅಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನೊಡನೆ ಈ ಸವಾರಿ ಹೊರಟೆ. ಅವನ ಬಳಿ ಇರುವುದು ಅವನ ತಂದೆ ಓಡಿಸುತ್ತಿದ್ದ ಹಳೆಯ ಯೆಜ್ಡಿ. ಈ ಗಾಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಅದು ಹುಟ್ಟಿದ್ದೇ ಮೈಸೂರಿನಲ್ಲಿ.

ಜಾವಾ ಎಂಬುದು ಮೂಲತಃ ಚೆಕ್ ದೇಶದ ಮೋಟಾರ್ ಸೈಕಲ್. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದರ ತಯಾರಿ ಆರಂಭವಾಯಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮೂರಿನ ಘಟ್ಟದ ಬುಡದ ತೋಟಗಳಿಂದ ಪೇಟೆಗೆ ಅಡಿಕೆ ಮೂಟೆ ಸಾಗಿಸಿದ ಯೆಜ್ಡಿಗಳನ್ನು ಕಂಡವರು ಇನ್ನೂ ಇದ್ದಾರೆ. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರಿನ ಕಡ್ಡಿಯಾಗುವುದು ಈ ಗಾಡಿಯ ವಿಶೇಷ. ಎರಡು ಬದಿಯ ಎರಡು ಸೈಲೆನ್ಸರುಗಳಿಂದ ಹೊರಡುವ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಮೂರನೆಯ ಕಿಕ್ಕಿಗೆ ಎಂಜಿನ್ ಎದ್ದಿತು. ಬೀದಿಯ ನಾಯಿಗಳೂ ಎದ್ದವು. "ಮಾವ, ಮಫ್ಲರ್ ಸರಿಯಾಗಿ ಸುತ್ತಿಕೊಳ್ಳಿ, ಹೊಳೆಯ ಹತ್ತಿರ ಚಳಿ ಜೋರುಂಟು" ಎಂದ ಅಳಿಯ. ಗಂಟೆ ಐದೂವರೆ.

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಇರುವ ದೂರ ಸುಮಾರು 15 ಕಿಲೋಮೀಟರ್ ಮಾತ್ರ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿಯ ಮುಖ್ಯರಸ್ತೆಯಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶ ನಿಷೇಧಿಸಿದ್ದಾರೆ. ಹಾಗಾಗಿ ಬೈಕಿನವರಿಗೆ ಉಳಿದದ್ದು ಪಕ್ಕದ ಸರ್ವಿಸ್ ರಸ್ತೆಯೂ ಊರೊಳಗಿನ ಹಳೆಯ ದಾರಿಯೂ. ಇದರಿಂದ ನಷ್ಟವೇನೂ ಇಲ್ಲ. ಸಿದ್ಧಲಿಂಗಪುರ ದಾಟಿದ ಮೇಲೆ ಚಹಾದಂಗಡಿಯ ಒಲೆಯ ಹೊಗೆ, ಹಾಲಿನ ಕ್ಯಾನ್ ಕಟ್ಟಿದ ಸೈಕಲ್, ಕಬ್ಬು ಹೊತ್ತ ಎತ್ತಿನ ಗಾಡಿ, ಇವೆಲ್ಲ ಕಣ್ಣಿಗೆ ಬೀಳುವುದು ಹಳೆಯ ದಾರಿಯಲ್ಲಿಯೇ. ಮೇಲಿನ ದಾರಿಯಲ್ಲಿ ಕಾರುಗಳು ಭರ್ರೆಂದು ಹೋಗುತ್ತಿದ್ದವು.

ಶ್ರೀರಂಗಪಟ್ಟಣ ಸಮೀಪಿಸುವಾಗ ಪಶ್ಚಿಮವಾಹಿನಿ ಸಿಗುತ್ತದೆ. ಕಾವೇರಿ ಇಲ್ಲಿ ಪಶ್ಚಿಮಕ್ಕೆ ತಿರುಗಿ ಹರಿಯುವುದರಿಂದ ಈ ಹೆಸರು. ಅಸ್ಥಿ ವಿಸರ್ಜನೆಗೆ ಪವಿತ್ರವೆಂದು ಪ್ರಸಿದ್ಧವಾದ ಸ್ಥಳ. ಮಹಾತ್ಮಾ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು 1948ರಲ್ಲಿ ಇಲ್ಲಿಯೂ ವಿಸರ್ಜಿಸಲಾಯಿತು. ಆ ಮುಂಜಾನೆಯೂ ಒಂದು ಕುಟುಂಬದವರು ಕೆಂಪು ಬಟ್ಟೆ ಕಟ್ಟಿದ ಪುಟ್ಟ ಕುಡಿಕೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಸತ್ತವರ ಗುರುತನ್ನು ನೀರಿಗೆ ಬಿಟ್ಟು ಹೆಸರನ್ನು ಮಾತ್ರ ಮನೆಗೆ ಕೊಂಡುಹೋಗುವುದು ನಮ್ಮಲ್ಲಿ ಹಲವರ ಕ್ರಮ. ಅಲ್ಲಿಂದ ಎರಡು ನಿಮಿಷದ ಸವಾರಿಯಲ್ಲಿ, ಅದೇ ಹೊಳೆಯ ದಂಡೆಯಲ್ಲಿ, ಹೆಸರನ್ನು ಕಲ್ಲಿಗೆ ಒಪ್ಪಿಸಿದವರ ಜಾಗವಿದೆ.

ಗೋರಿಗಳ ನಡುವೆ

ಸ್ಮಶಾನ ದೊಡ್ಡದೇನಲ್ಲ. ಗೋರಿಗಳು ಒಂದಕ್ಕೊಂದು ಹತ್ತಿರ ಹತ್ತಿರ ಇವೆ. ಕೆಲವು ಪಿರಮಿಡ್ಡಿನಂತೆ ಮೇಲಕ್ಕೆ ಚೂಪಾದವು, ಕೆಲವು ಚೌಕ ಪೀಠದ ಮೇಲೆ ನಿಲ್ಲಿಸಿದ ಕಂಬಗಳು, ಕೆಲವು ಪೆಟ್ಟಿಗೆಯಾಕಾರದವು, ಇನ್ನು ಕೆಲವು ಬರಿಯ ಚಪ್ಪಡಿಗಳು. ಹುದ್ದೆ ದೊಡ್ಡದಾದರೆ ಗೋರಿಯೂ ಎತ್ತರ ಎಂಬುದು ನೋಡಿದೊಡನೆ ತಿಳಿಯುತ್ತದೆ. ಇಟ್ಟಿಗೆ-ಗಾರೆಯ ಈ ಕಟ್ಟಡಗಳಿಗೆ ಇಂಗ್ಲಿಷಿನ ಕೆತ್ತನೆಯ ಫಲಕಗಳು. ಕೆಲವು ಫಲಕಗಳಲ್ಲಿ ಅಕ್ಷರ ಸ್ಪಷ್ಟ, ಕೆಲವು ಸವೆದಿವೆ, ಕೆಲವು ಕಡೆ ಫಲಕವೇ ಇಲ್ಲದೆ ಅದಿದ್ದ ಗೂಡು ಮಾತ್ರ ಉಳಿದಿದೆ.

ಇವರೆಲ್ಲ 1799ರ ಕೋಟೆಯ ದಾಳಿಯಲ್ಲಿ ಮಡಿದವರು ಎಂಬ ಮಾತು ಪ್ರಚಾರದಲ್ಲಿದೆ. ಆದರೆ ಕಲ್ಲಿನ ಮೇಲಿನ ಇಸವಿಗಳನ್ನು ಓದುತ್ತ ಹೋದರೆ ಚಿತ್ರ ಬೇರೆಯಾಗುತ್ತದೆ. ಹೆಚ್ಚಿನವು ಯುದ್ಧ ಮುಗಿದ ನಂತರದವು. 1800ರಿಂದ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಲ್ಲಿ ಹೂಳುತ್ತಿದ್ದರು. ಅಧಿಕಾರಿಗಳಷ್ಟೇ ಅಲ್ಲ, ಅವರ ಹೆಂಡಂದಿರೂ ಮಕ್ಕಳೂ ಇಲ್ಲಿದ್ದಾರೆ. ಸಮೀಪದಲ್ಲಿ ಹೊಳೆಯ ದಂಡೆಯಲ್ಲಿರುವ ಸ್ಕಾಟ್ ಬಂಗಲೆಯ ಒಡತಿ ಕ್ಯಾರೊಲೀನ್ ಇಸಬೆಲ್ಲಾ ಸ್ಕಾಟ್ 1817ರಲ್ಲಿ ತೀರಿಕೊಂಡು ಈ ಸ್ಮಶಾನ ಸೇರಿದವಳು. ಆಕೆಯ ಗಂಡ ಕರ್ನಲ್ ಸ್ಕಾಟ್ ಇಲ್ಲಿನ ತೋಪುಗಾಡಿ ಕಾರ್ಖಾನೆಯ ಮೇಲಧಿಕಾರಿಯಾಗಿದ್ದ. ಆ ಬಂಗಲೆಯ ಸುತ್ತ ಹಲವು ಕಥೆಗಳು ಹುಟ್ಟಿಕೊಂಡಿವೆ.

ಕೋಟೆಯನ್ನು ಗೆದ್ದವರನ್ನು ಇಲ್ಲಿ ಕೊಂದದ್ದು ಬಹುಮಟ್ಟಿಗೆ ಜ್ವರ. ಸುತ್ತಲೂ ನೀರು, ಗದ್ದೆ, ಕಾಲುವೆ. ಮಳೆಗಾಲ ಮುಗಿಯುತ್ತಿದ್ದಂತೆ ದಂಡಿನ ಬಿಡಾರಗಳಲ್ಲಿ ಜ್ವರ ಹರಡುತ್ತಿತ್ತು. ಕೆಟ್ಟ ಗಾಳಿಯೇ ಕಾರಣವೆಂದು ಅಂದಿನವರ ತಿಳುವಳಿಕೆ. ಮಲೇರಿಯಾವನ್ನು ಸೊಳ್ಳೆ ಹರಡುತ್ತದೆ ಎಂಬುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಅಷ್ಟರೊಳಗೆ ಇಂಗ್ಲಿಷರು ಬೇಸತ್ತು 1809ರಲ್ಲಿ ತಮ್ಮ ದಂಡನ್ನು ಎತ್ತರದ, ಹವೆ ಒಳ್ಳೆಯದಾದ ಬೆಂಗಳೂರಿಗೆ ಸಾಗಿಸಿದ್ದರು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹೀಗೆ. ಇಂದು ನಮ್ಮ ಮಕ್ಕಳು ಉದ್ಯೋಗ ಹುಡುಕಿಕೊಂಡು ಹೋಗುವ ಆ ಮಹಾನಗರ ಬೆಳೆದ ಕಾರಣಗಳಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಯೂ ಒಂದು!

ಸ್ವಿಸ್ ದಂಡು ಇಲ್ಲಿಗೆ ಬಂದದ್ದು

ಈ ಗೋರಿಗಳಲ್ಲಿ ಸುಮಾರು 80 ಒಂದೇ ದಳಕ್ಕೆ ಸೇರಿದವು. ಆ ದಳದ ಹೆಸರು ಡಿ ಮ್ಯುರಾನ್ ರೆಜಿಮೆಂಟ್. ಇವರು ಇಂಗ್ಲಿಷರಲ್ಲ, ಸ್ವಿಸ್ಸರು.

ಇಂದಿನ ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್ ಎಂಬ ಊರಿನ ಶಾರ್ಲ್ ಡೇನಿಯಲ್ ಡಿ ಮ್ಯುರಾನ್ ಎಂಬಾತ 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪೆನಿಗಾಗಿ ಕಟ್ಟಿದ ಬಾಡಿಗೆ ಸೈನ್ಯವಿದು. ಬೆಟ್ಟದ ನಾಡಿನಲ್ಲಿ ಉಳುವ ನೆಲ ಕಡಿಮೆ. ಮನೆಯ ಗಂಡುಮಕ್ಕಳು ಪರದೇಶದ ರಾಜರಿಗೆ ಸಂಬಳಕ್ಕೆ ಹೋರಾಡುವುದು ಅಲ್ಲಿ ತಲೆಮಾರುಗಳಿಂದ ಬಂದ ಕಸುಬಾಗಿತ್ತು. ದಳ ಮೊದಲು ಆಫ್ರಿಕದ ಕೇಪಿಗೆ ಹೋಯಿತು. ಅಲ್ಲಿಂದ ಸಿಲೋನಿಗೆ ಬಂತು. 1795ರಲ್ಲಿ ಹಾಲೆಂಡ್ ಫ್ರೆಂಚರ ವಶವಾದಾಗ ಸಿಲೋನಿನ ಮೇಲೆ ಇಂಗ್ಲಿಷರ ಕಣ್ಣು ಬಿತ್ತು. ಡಚ್ಚರು ಈ ದಳಕ್ಕೆ ಸಂಬಳ ಬಾಕಿ ಇಟ್ಟಿದ್ದರು. ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಹ್ಯೂ ಕ್ಲೆಗಾರ್ನ್ ಎಂಬಾತ ನ್ಯೂಷಾಟೆಲಿಗೆ ಹೋಗಿ, ದಳದ ಒಡೆಯನನ್ನೇ ಇಂಗ್ಲಿಷರ ಪಕ್ಷಕ್ಕೆ ಒಲಿಸಿದ. ಇಬ್ಬರೂ ಈಜಿಪ್ಟ್ ಮತ್ತು ಕೆಂಪು ಸಮುದ್ರದ ದಾರಿಯಾಗಿ ಮಲಬಾರ್ ಕರಾವಳಿಗೆ ಬಂದಿಳಿದರು. ಕೊಲಂಬೋದ ಕೋಟೆಯೊಳಗಿದ್ದ ತಮ್ಮನಿಗೆ ಈ ಸುದ್ದಿಯನ್ನು ಡಚ್ ಚೀಸಿನ ಉಂಡೆಯೊಳಗೆ ಅಡಗಿಸಿ ಕಳಿಸಿದರೆಂಬ ಕಥೆ ಪ್ರಸಿದ್ಧವಾಗಿದೆ. 1796ರ ಫೆಬ್ರವರಿಯಲ್ಲಿ ಕೊಲಂಬೋ ಶರಣಾಯಿತು.

ಹೀಗೆ ಒಡೆಯರು ಬದಲಾದ ದಳ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಮೇಲೆ ನುಗ್ಗಿದ ಪಡೆಗಳಲ್ಲಿ ಇತ್ತು. ಟಿಪ್ಪು ಸುಲ್ತಾನ್ ಹೋರಾಡುತ್ತ ಮಡಿದ. ಡಿ ಮ್ಯುರಾನ್ ದಳ ಮುಂದೆ ಕೆಲವು ವರ್ಷ ಇಲ್ಲಿಯ ಕಾವಲಿಗಿತ್ತು. ಬಳಿಕ 1806ರಲ್ಲಿ ಅದನ್ನು ಯೂರೋಪಿಗೆ ಕರೆಸಿಕೊಂಡರು. 1813ರಲ್ಲಿ ಕೆನಡಕ್ಕೆ ಕಳಿಸಿದರು. 1816ರಲ್ಲಿ ದಳವನ್ನು ವಿಸರ್ಜಿಸಿದಾಗ ಕೆಲವರು ಅಲ್ಲಿಯೇ ನೆಲೆಸಿದರು. ಕೆನಡದ ವಿನಿಪೆಗ್ ನಗರದಲ್ಲಿ ಇಂದಿಗೂ ಮ್ಯುರಾನರ ಹೆಸರಿನ ಒಂದು ಬೀದಿ ಇದೆ.

ನ್ಯೂಷಾಟೆಲಿನ ಹುಡುಗರು ಹಿಮದ ನಾಡಿನಿಂದ ಹೊರಟು, ಕೆಲವರು ಮತ್ತೊಂದು ಹಿಮದ ನಾಡಿನಲ್ಲಿ ಕೊನೆಗಂಡರು. ನಡುದಾರಿಯಲ್ಲಿ ಕಾವೇರಿಯ ದಂಡೆಯಲ್ಲಿ ಉಳಿದವರು ಈ ಎಂಬತ್ತರಷ್ಟು ಜನ. ಯಾವ ಜಗಳಕ್ಕೂ ಅವರ ಊರಿಗೂ ಸಂಬಂಧವಿರಲಿಲ್ಲ.

ಬಹುಕಾಲ ಈ ಸ್ಮಶಾನ ಹಾಳುಬಿದ್ದಿತ್ತು. ಪೊದೆ ಬೆಳೆದು ಗೋರಿಗಳು ಬಿರುಕುಬಿಟ್ಟಿದ್ದವು. 2008ರ ಸುಮಾರಿಗೆ ಸ್ವಿಟ್ಜರ್ಲೆಂಡಿನಿಂದ ಡಿ ಮ್ಯುರಾನ್ ವಂಶದವರೇ ಮುಂದೆ ಬಂದು ಜೀರ್ಣೋದ್ಧಾರ ಮಾಡಿಸಿದರು. ಎರಡು ಶತಮಾನ ಕಳೆದ ಮೇಲೆ, ಕುಟುಂಬದ ಹೆಸರೊಂದನ್ನೇ ಗುರುತಾಗಿ ಹಿಡಿದು, ಅರ್ಧ ಭೂಮಿ ದಾಟಿ ಬಂದು ಅಜ್ಜಂದಿರ ಕಾಲದ ಗೋರಿಗಳಿಗೆ ಗಾರೆ ಹಾಕಿಸಿದರು! ಗೆದ್ದವರ ಪಕ್ಷದಲ್ಲಿದ್ದರೆಂಬುದನ್ನು ಬದಿಗಿಟ್ಟು ನೋಡಿದರೂ ಈ ಕೆಲಸಕ್ಕೆ ತಲೆದೂಗಬೇಕು.

ಕಲ್ಲಿಲ್ಲದವರು

ಒಂದು ಸಾಲಿನ ಹೆಸರುಗಳನ್ನು ಗಟ್ಟಿಯಾಗಿ ಓದಿ ಮುಗಿಸಿದ ಅಳಿಯ, "ಇವರ ಹೆಸರಾದರೂ ಉಂಟಲ್ಲ ಮಾವ. ಕೋಟೆಯ ಒಳಗೆ ಸತ್ತವರದ್ದು ಎಲ್ಲಿ?" ಎಂದು ಕೇಳಿದ.

ಆ ದಿನ ಕೋಟೆಯೊಳಗೆ ಸತ್ತ ಮೈಸೂರಿನ ಸೈನಿಕರು ಸಾವಿರಾರು. ಸುಲ್ತಾನನಿಗೆ ಗುಂಬಜಿನಲ್ಲಿ ತಂದೆತಾಯಿಯರ ಪಕ್ಕ ಜಾಗ ಸಿಕ್ಕಿತು. ಕೋಟೆಯ ಗೋಡೆಯ ಮೇಲೆ ನಿಂತು ಮಡಿದ ಸಾಮಾನ್ಯ ಸಿಪಾಯಿಗೆ ಹೆಸರಿನ ಕಲ್ಲು ಸಿಗಲಿಲ್ಲ. ಇಂಗ್ಲಿಷರ ಪಕ್ಷದಲ್ಲಿಯೇ ಹೋರಾಡಿ ಸತ್ತ ಮದ್ರಾಸಿನ, ಬೊಂಬಾಯಿಯ ದೇಶೀ ಸಿಪಾಯಿಗಳಿಗೂ ಈ ಯೂರೋಪಿಯನ್ ಸ್ಮಶಾನದಲ್ಲಿ ಜಾಗವಿರಲಿಲ್ಲ.

ನಮ್ಮ ಕರಾವಳಿಯವರ ನೆನಪೂ ಇಲ್ಲಿ ಬಾರದೆ ಇರದು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾ ಕರಾವಳಿಯ ಕೊಂಕಣಿ ಕ್ರಿಸ್ತರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಹೆಂಗಸರು, ಮುದುಕರು, ಎಳೆಮಕ್ಕಳು ಸೇರಿದಂತೆ ನಡೆದುಹೋದ ಸಾವಿರಾರು ಜನರಲ್ಲಿ ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. 1799ರ ನಂತರ ಬದುಕುಳಿದವರು ಊರಿಗೆ ಮರಳಿದರು. ಸತ್ತವರ ಗುರುತು ಈ ಊರಿನಲ್ಲಿ ಎಲ್ಲೂ ಕಾಣದು. ಆದರೆ ಕರಾವಳಿಯ ಕ್ರಿಸ್ತರ ಮನೆಗಳಲ್ಲಿ ಆ ಹದಿನೈದು ವರ್ಷಗಳ ಕಥೆ ಅಜ್ಜಿಯರಿಂದ ಮೊಮ್ಮಕ್ಕಳಿಗೆ ದಾಟಿ ಬಂದಿದೆ. ಹೇಳುವವರೂ ಕೇಳುವವರೂ ಒಂದೇ ಭಾಷೆಯವರಾಗಿ ಉಳಿದುದರಿಂದ ಅದು ಸಾಧ್ಯವಾಯಿತು.

ಅಳಿಯನ ಪ್ರಶ್ನೆಗೆ ಆಗ ನಾನು ಕೊಟ್ಟ ಉತ್ತರ ಇಷ್ಟೇ: "ಕಲ್ಲು ಇಡಿಸುವವರು ಇದ್ದವರಿಗೆ ಕಲ್ಲು ಉಂಟು. ಇಲ್ಲದವರಿಗೆ ಬಾಯಿಮಾತು ಉಂಟು. ಅದೂ ಇಲ್ಲದವರು ಹೋದರು."

ನಮ್ಮ ಸೀಮೆಗೂ ಆ ಮಧ್ಯಾಹ್ನಕ್ಕೂ

ಕಾಸರಗೋಡಿನ ಕನ್ನಡಿಗರು ಈ ಊರನ್ನು ಪರರಾಜ್ಯದ ಪ್ರೇಕ್ಷಣೀಯ ಸ್ಥಳವೆಂದು ನೋಡಿ ಸುಮ್ಮನಾಗುವಂತಿಲ್ಲ. ಮಲಬಾರ್ ಇಂಗ್ಲಿಷರಿಗೆ ಹೋದದ್ದು 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ. ಕೆನರಾ ಹೋದದ್ದು 1799ರ ಆ ಮಧ್ಯಾಹ್ನದ ನಂತರ. ಈ ಏಳು ವರ್ಷಗಳ ಅಂತರದಿಂದಾಗಿ ಎರಡೂ ಸೀಮೆಗಳು ಬೇರೆ ಬೇರೆ ಜಿಲ್ಲೆಗಳಾದವು. ಬೇಕಲ, ಕುಂಬಳೆ, ಮಂಜೇಶ್ವರಗಳು ಕೆನರಾದಲ್ಲಿ ಉಳಿದವು. ಕೆನರಾದ ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಬೆನ್ನಿಗೇ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಗೆದ್ದ ನಾಡುಗಳಲ್ಲಿ ಏನು ಬೆಳೆಯುತ್ತದೆ, ಜನ ಹೇಗೆ ಬದುಕುತ್ತಾರೆ ಎಂದು ಬರೆದುಕೊಳ್ಳಲು ಹೊರಟ. 1800ರಲ್ಲಿ ಶ್ರೀರಂಗಪಟ್ಟಣವನ್ನು ಕಂಡ ಅದೇ ಮನುಷ್ಯ 1801ರ ಆರಂಭದಲ್ಲಿ ಹೊಸದುರ್ಗ, ಬೇಕಲ, ಕುಂಬಳೆ, ಮಂಜೇಶ್ವರದ ದಾರಿಯಾಗಿ ಮಂಗಳೂರಿಗೆ ಹೋದ.

ಕೆನರಾ ಜಿಲ್ಲೆಯ ಕಚೇರಿ ಭಾಷೆ ಕನ್ನಡ. ನಮ್ಮ ಅಜ್ಜಂದಿರ ವರ್ಗದ ಕಾಗದ, ಮೂಲಗೇಣಿ ಚೀಟು, ಕೋರ್ಟಿನ ದಾವೆಯ ನಕಲು ಕನ್ನಡದಲ್ಲಿರುವುದಕ್ಕೆ ಇದೇ ಕಾರಣ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಗಡಿ ಎಳೆದವರು ಯಾರೇ ಇರಲಿ, ಮನೆಯ ಅಟ್ಟದ ಪೆಟ್ಟಿಗೆಯಲ್ಲಿರುವ ಕಾಗದ ಕನ್ನಡದಲ್ಲಿಯೇ ಉಳಿದಿದೆ. ಅದನ್ನು ಓದಬಲ್ಲವರು ಮಾತ್ರ ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.

ಮಕ್ಕಳು ಮಲಯಾಳ ಕಲಿಯುವುದು ತಪ್ಪಲ್ಲ. ನೆರೆಯವರ ಭಾಷೆ, ಉದ್ಯೋಗದ ಭಾಷೆ, ಬೇಕು. ಇಂಗ್ಲಿಷೂ ಬೇಕು. ಆದರೆ ಅಜ್ಜನ ಕೈಬರಹದ ಮುಂದೆ ಮೊಮ್ಮಗ ಅನ್ಯದೇಶದವನಂತೆ ನಿಲ್ಲುವ ದಿನ ಹಲವು ಮನೆಗಳಿಗೆ ಈಗಾಗಲೇ ಬಂದಿದೆ. ತೋಟದ ಮೂಲೆಯ ದೂಪೆ ಯಾರದೆಂದು ಕೇಳಿದರೆ "ಹಿರಿಯರದ್ದು" ಎನ್ನುವುದಕ್ಕಿಂತ ಹೆಚ್ಚು ಹೇಳಬಲ್ಲವರು ಎಷ್ಟು ಮಂದಿ? ಇಗರ್ಜಿಯ ಅಂಗಳದ ಗೋರಿಗಲ್ಲುಗಳಲ್ಲಿ, ದೈವಸ್ಥಾನದ ಗಂಟೆಗಳ ಮೇಲೆ, ಭಜನಾಮಂದಿರಗಳ ಗೋಡೆಯ ದಾನಿಗಳ ಪಟ್ಟಿಗಳಲ್ಲಿ ಕನ್ನಡದ ಹೆಸರುಗಳಿವೆ. ಇವನ್ನೆಲ್ಲ ಒಬ್ಬರಾದರೂ ಓದಿ ಬರೆದಿಟ್ಟುಕೊಂಡಿದ್ದಾರೆಯೇ?

ಇದಕ್ಕೆ ಸರಕಾರವೂ ಬೇಡ, ಸಂಘವೂ ಬೇಡ. ನೂರು ಪುಟದ ಒಂದು ನೋಟು ಪುಸ್ತಕ ಸಾಕು. ಬೇಸಿಗೆ ರಜೆಯಲ್ಲಿ ಮನೆಗೆ ಬಂದ ಮಕ್ಕಳನ್ನು ಹಿರಿಯರ ಎದುರು ಕುಳ್ಳಿರಿಸಿ, ತಿಳಿದಷ್ಟು ತಲೆಮಾರಿನ ಹೆಸರು, ಹುಟ್ಟಿದ ಮನೆ, ಕೊಟ್ಟ ಮನೆ, ತೀರಿಕೊಂಡ ವರ್ಷ, ಇವಿಷ್ಟನ್ನು ಕನ್ನಡದಲ್ಲಿಯೇ ಬರೆಸಬೇಕು. ಹೆಣ್ಣುಮಕ್ಕಳ ಹೆಸರನ್ನು ಬಿಡಬಾರದು. ಮೊದಲು ಮರೆತುಹೋಗುವುದು ಅವರ ಹೆಸರೇ. ಹಳೆಯ ಕಾಗದವಿದ್ದರೆ ಗಟ್ಟಿಯಾಗಿ ಓದಿಸಿ, ತಿಳಿಯದ ಶಬ್ದಕ್ಕೆ ಅರ್ಥ ಹೇಳಬೇಕು. ಕೈಯಲ್ಲಿ ಮೊಬೈಲಿರುವ ಮಕ್ಕಳು ಅದರ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಹೋಗುವವರಿಗೆ

ಕಾಸರಗೋಡಿನಿಂದ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ, ಹುಣಸೂರು ದಾರಿಯಾಗಿ ಮೈಸೂರು ತಲುಪಬಹುದು. ಒಂದೇ ದಿನ ಬೈಕಿನಲ್ಲಿ ಹೋಗುವ ಹುಡುಗರಿದ್ದಾರೆ. ಮಳೆಗಾಲದಲ್ಲಿ ಸಂಪಾಜೆ ಘಟ್ಟದಲ್ಲಿ ಎಚ್ಚರ ಬೇಕು. ಮೈಸೂರಿನಲ್ಲಿ ರಾತ್ರಿ ಉಳಿದು ಬೆಳಗ್ಗೆ ಶ್ರೀರಂಗಪಟ್ಟಣಕ್ಕೆ ಹೊರಟರೆ ಕೋಟೆಯ ಒಡೆದ ಗೋಡೆ, ಬಳಿಯಲ್ಲಿ 1907ರಲ್ಲಿ ಮೈಸೂರು ಸರಕಾರ ನಿಲ್ಲಿಸಿದ ಯುದ್ಧಸ್ಮಾರಕ ಕಂಬ, ದಂಡಿನ ಸ್ಮಶಾನ, ಇವನ್ನೆಲ್ಲ ಒಂಬತ್ತು ಗಂಟೆಯೊಳಗೆ ನೋಡಿ, ರಂಗನಾಥನ ದರ್ಶನಕ್ಕೂ ಹೊತ್ತು ಉಳಿಯುತ್ತದೆ. ಗೋರಿಗಳ ಮೇಲೆ ಹತ್ತುವುದು, ಹೆಸರು ಗೀಚುವುದು ಬೇಡ. ಮಕ್ಕಳನ್ನು ಕರೆದೊಯ್ದರೆ ಒಂದೆರಡು ಫಲಕಗಳನ್ನಾದರೂ ಅವರಿಂದಲೇ ಓದಿಸಿರಿ. ಮನೆಗೆ ಮರಳಿದ ಮೇಲೆ ನಿಮ್ಮದೇ ಅಟ್ಟದ ಪೆಟ್ಟಿಗೆಯನ್ನು ಕೆಳಗಿಳಿಸಿ, ಅದರೊಳಗಿನ ಕಾಗದವನ್ನೂ ಓದಿಸಿರಿ.